ರೆಂಡಿಷನ್ ಅಂದ್ರೆ ಏನು? ಮೈಸೂರು ‘ವಾಪಸ್’ ಬಂದ ಕಥೆ

ಮೈಸೂರಿನ ಇತಿಹಾಸ ಓದಲು ಕೂತವರಿಗೆಲ್ಲ ತಪ್ಪದೆ ಎದುರಾಗುವ ಒಂದು ಇಂಗ್ಲಿಷ್ ಪದ ‘ರೆಂಡಿಷನ್’. 1881ರ ರೆಂಡಿಷನ್, ರೆಂಡಿಷನ್‌ಗೆ ಮೊದಲು, ರೆಂಡಿಷನ್ ನಂತರ... ಹೀಗೆ. ನಮಗೆ ಅದೇ ಪದ ಇವತ್ತು ಹೆಚ್ಚು ಕೇಳಿಸೋದು ಕಚೇರಿ ವಿಮರ್ಶೆಗಳಲ್ಲಿ. ‘ಕಲ್ಯಾಣಿ ರಾಗದ ಸೊಗಸಾದ ರೆಂಡಿಷನ್’ ಅಂತಾರಲ್ಲ, ಅದು. ಹಾಡಿಗೂ ಒಂದು ಸಂಸ್ಥಾನಕ್ಕೂ ಒಂದೇ ಪದ ಹೇಗೆ ಬಂತು ಅಂತ ಹುಡುಕುತ್ತಾ ಹೋದೆ. ಪದದ ಅರ್ಥ ಹುಡುಕಲು ಹೊರಟವನಿಗೆ ಒಂದು ಹಳೆಯ ಜಗಳವೇ ಸಿಕ್ಕಿತು.

ಮೊದಲು ಪದದ ಜಾತಕ. ಲ್ಯಾಟಿನ್ ಭಾಷೆಯಲ್ಲಿ ‘ಹಿಂದಕ್ಕೆ ಕೊಡು’ ಅನ್ನೋ ಅರ್ಥದ ಕ್ರಿಯಾಪದವೊಂದಿದೆ. ಅದು ಫ್ರೆಂಚ್ ಮೂಲಕ ಹಾದು ಇಂಗ್ಲಿಷಿಗೆ 17ನೇ ಶತಮಾನದ ಹೊತ್ತಿಗೆ ಬಂದಾಗ ರೆಂಡಿಷನ್ ಆಯ್ತು. ಆಗ ಅದರ ಮುಖ್ಯ ಅರ್ಥ, ಮುತ್ತಿಗೆಗೆ ಸಿಕ್ಕ ಕೋಟೆಯನ್ನು ಒಳಗಿದ್ದವರೇ ಶತ್ರುವಿಗೆ ಒಪ್ಪಿಸುವುದು. (ಈ ಲೆಕ್ಕದಲ್ಲಿ 1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ನಡೆದದ್ದು ರೆಂಡಿಷನ್ ಅಲ್ಲವೇ ಅಲ್ಲ. ಅಲ್ಲಿ ಯಾರೂ ಒಪ್ಪಿಸಲಿಲ್ಲ, ಗೋಡೆ ಒಡೆದು ನುಗ್ಗಿದರು.) ಆಮೇಲೆ ಅನುವಾದ, ಹಾಡುಗಾರಿಕೆ ಮುಂತಾದ ಅರ್ಥಗಳೂ ಸೇರಿಕೊಂಡವು.

ಇನ್ನೊಂದು ಅರ್ಥ ಮಾತ್ರ ಸ್ವಲ್ಪ ಕರಾಳವಾದದ್ದು. ಅಮೆರಿಕದಲ್ಲಿ ಗುಲಾಮಗಿರಿ ಇದ್ದ ಕಾಲದಲ್ಲಿ, ತಪ್ಪಿಸಿಕೊಂಡು ಬಂದ ಗುಲಾಮನನ್ನು ಹಿಡಿದು ಮತ್ತೆ ಯಜಮಾನನಿಗೆ ಕೊಡುವುದಕ್ಕೂ ರೆಂಡಿಷನ್ ಅಂತಲೇ ಹೆಸರು. 1854ರಲ್ಲಿ ಆಂಥೊನಿ ಬರ್ನ್ಸ್ ಎಂಬ ಯುವಕನನ್ನು ಬಾಸ್ಟನ್ ನಗರದಿಂದ ವರ್ಜೀನಿಯಾಗೆ ಹೀಗೇ ಸೈನಿಕರ ಕಾವಲಿನಲ್ಲಿ ಸಾಗಿಸಿದರು. 2001ರ ನಂತರ ಶಂಕಿತರನ್ನು ಗುಟ್ಟಾಗಿ ಬೇರೆ ದೇಶದ ಜೈಲುಗಳಿಗೆ ಸಾಗಿಸಿದ ಅಮೆರಿಕದ ಕ್ರಮಕ್ಕೂ ಪತ್ರಿಕೆಗಳು ಬಳಸಿದ್ದು ಇದೇ ಪದ.

ಮೈಸೂರಿನ ಸರದಿಗೆ ಬರೋಣ. ‘ಹಿಂದಕ್ಕೆ ಕೊಡು’ ಅಂದಾಗ ಒಂದು ಮಾತು ಒಳಗೇ ಅಡಗಿರುತ್ತೆ: ಆ ವಸ್ತು ಮೊದಲೇ ಪಡೆಯುವವನದ್ದಾಗಿತ್ತು ಅಂತ. ಜಗಳ ಇದ್ದದ್ದೇ ಅಲ್ಲಿ. ಮೈಸೂರು ಯಾರದು?

ಒಡೆಯರ ಮನೆತನದ ವಾದ ಸರಳ. ರಾಜ್ಯ ನಮ್ಮದು, ಹೈದರ್ ಅಧಿಕಾರ ಕಿತ್ತುಕೊಂಡಿದ್ದ. ರಾಣಿ ಲಕ್ಷ್ಮಮ್ಮಣ್ಣಿಯವರು ತಿರುಮಲರಾಯರ ಮೂಲಕ ಕಂಪನಿಯ ಜೊತೆ 1782ರಲ್ಲೇ ಒಪ್ಪಂದ ಮಾಡಿಕೊಂಡಿದ್ದರು. ಹಾಗಾಗಿ 1799ರಲ್ಲಿ ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾದದ್ದು, ನಮ್ಮ ಸೊತ್ತು ನಮಗೆ ಬಂದದ್ದು. ಬ್ರಿಟಿಷರ ವಾದವೇ ಬೇರೆ. ಟಿಪ್ಪುವಿನ ರಾಜ್ಯವನ್ನು ನಾವು ಮತ್ತು ನಿಜಾಮ ಯುದ್ಧದಲ್ಲಿ ಗೆದ್ದೆವು, ಗೆದ್ದದ್ದರಲ್ಲಿ ಒಂದು ಪಾಲನ್ನು ಆ ಮಗುವಿಗೆ ದಯಪಾಲಿಸಿದೆವು. ಅಂದರೆ ಅದು ದಾನ.

ಆ ವರ್ಷದ ಒಪ್ಪಂದದಲ್ಲಿ ‘ಸೂರ್ಯಚಂದ್ರರಿರುವ ತನಕ’ ಇದು ನಡೆಯಬೇಕು ಅಂತ ಬರೆದಿದ್ದರು. ನಮ್ಮ ಶಾಸನಗಳ ‘ಆಚಂದ್ರಾರ್ಕ’ ನೆನಪಿಗೆ ಬರುತ್ತೆ ಅಲ್ವಾ? ಆದರೆ ಸೂರ್ಯಚಂದ್ರರು ಅಲ್ಲೇ ಇದ್ದರು, ರಾಜ್ಯ 32 ವರ್ಷಕ್ಕೇ ಹೋಯ್ತು. 1830-31ರ ನಗರದ ದಂಗೆಯ ನೆಪದಲ್ಲಿ ಗವರ್ನರ್ ಜನರಲ್ ಬೆಂಟಿಂಕ್ 1831ರಲ್ಲಿ ಆಡಳಿತ ವಹಿಸಿಕೊಂಡ. ಅಲ್ಲಿಂದ ಕಮಿಷನರುಗಳ ಕಾಲ. ಮಾರ್ಕ್ ಕಬ್ಬನ್ 1834ರಿಂದ 1861ರವರೆಗೆ, ಆಮೇಲೆ ಬೌರಿಂಗ್. ಇವತ್ತಿಗೂ ಬೆಂಗಳೂರಿನಲ್ಲಿ ಕಬ್ಬನ್ ಪಾರ್ಕು, ಬೌರಿಂಗ್ ಆಸ್ಪತ್ರೆ ಅಂತ ನಾವು ಹೇಳುವುದು ಇವರ ಹೆಸರುಗಳನ್ನೇ.

ಮುಮ್ಮಡಿಯವರು ಅರಮನೆಯಲ್ಲೇ ಇದ್ದುಕೊಂಡು ರಾಜ್ಯ ಮರಳಿಸಿ ಅಂತ ಮತ್ತೆ ಮತ್ತೆ ಪತ್ರ ಬರೆದರು. ಕಲ್ಕತ್ತೆಯಿಂದ ಬಂದ ಉತ್ತರ ಒಂದೇ, ಇಲ್ಲ. 1865ರಲ್ಲಿ ಎರಡು ವರ್ಷದ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡಾಗ ಜಗಳ ಬಿಸಿಯಾಯ್ತು. ದಾನ ಕೊಟ್ಟದ್ದು ರಾಜನ ಜೀವಿತಕ್ಕೆ ಮಾತ್ರ, ದತ್ತುಪುತ್ರನಿಗೆ ಹಕ್ಕಿಲ್ಲ ಅನ್ನೋ ವಾದ ಡಾಲ್‌ಹೌಸಿಯ ಕಾಲದಿಂದಲೂ ಇತ್ತು.

ಅದೇ 1865ರಲ್ಲಿ ಮೇಜರ್ ಇವಾನ್ಸ್ ಬೆಲ್ ಎಂಬಾತ ಲಂಡನ್ನಿನಲ್ಲಿ ಮೈಸೂರಿನ ಪರವಾಗಿ ಒಂದು ಪುಸ್ತಕ ಪ್ರಕಟಿಸಿದ. ಅದರ ಹೆಸರು ‘ದಿ ಮೈಸೂರ್ ರಿವರ್ಷನ್’. ಗಮನಿಸಿ, ರೆಂಡಿಷನ್ ಅಲ್ಲ, ರಿವರ್ಷನ್! ಇಂಗ್ಲಿಷ್ ಕಾನೂನಿನಲ್ಲಿ ರಿವರ್ಷನ್ ಅಂದರೆ, ಕೊಟ್ಟ ಅವಧಿ ಮುಗಿದ ಮೇಲೆ ಆಸ್ತಿ ಕೊಟ್ಟವನಿಗೇ ಮರಳುವುದು. ಅಂದರೆ ರಾಜ್ಯವನ್ನು ನುಂಗಬೇಕೆಂದಿದ್ದವರ ಲೆಕ್ಕಾಚಾರಕ್ಕೆ ಇದ್ದ ಹೆಸರು ಅದು, ಬೆಲ್ ವಾದ ಮಾಡಿದ್ದು ಅದರ ವಿರುದ್ಧ. ಎರಡೂ ಪದಗಳಲ್ಲಿ ‘ಮರಳುವುದು’ ಇದೆ. ಯಾರಿಗೆ ಮರಳುವುದು ಅನ್ನೋದಷ್ಟೇ ಪ್ರಶ್ನೆ.

ಕೊನೆಗೆ 1867ರ ಏಪ್ರಿಲ್‌ನಲ್ಲಿ ಲಂಡನ್ ಸರ್ಕಾರ ದತ್ತು ಒಪ್ಪಿತು. ಮರುವರ್ಷ ಮಾರ್ಚ್ 27ರಂದು ಮುಮ್ಮಡಿಯವರು ತೀರಿಕೊಂಡರು. ರಾಜ್ಯ ಕೈಬಿಟ್ಟು 37 ವರ್ಷವಾಗಿತ್ತು. ಮರಳಿ ಬಂದದ್ದನ್ನು ಅವರು ನೋಡಲಿಲ್ಲ.

1881ರ ಮಾರ್ಚ್ 25. ಮದ್ರಾಸಿನ ಗವರ್ನರ್ ವಿಲಿಯಂ ಆಡಮ್ ಮೈಸೂರಿಗೆ ಬಂದು 18 ವರ್ಷದ ಚಾಮರಾಜೇಂದ್ರ ಒಡೆಯರಿಗೆ ಅಧಿಕಾರ ವಹಿಸಿಕೊಟ್ಟರು. ಚೀಫ್ ಕಮಿಷನರ್ ಆಗಿದ್ದ ಜೇಮ್ಸ್ ಗೋರ್ಡನ್ ಅಂದಿನಿಂದ ರೆಸಿಡೆಂಟ್ (ಅಠಾರಾ ಕಚೇರಿಯ ಮುಂದೆ ನಿಂತಿರುವ ಪ್ರತಿಮೆ ಇವರದೇ). ಸಿ. ರಂಗಾಚಾರ್ಲು ದಿವಾನರು. ಊರೆಲ್ಲ ಇದನ್ನು ರೆಂಡಿಷನ್ ಎಂದು ಕೊಂಡಾಡಿತು. ಆದರೆ ಅವತ್ತು ಮಹಾರಾಜರ ಕೈಗೆ ಬಂದ ಪತ್ರದ ಹೆಸರು? ‘ಇನ್‌ಸ್ಟ್ರುಮೆಂಟ್ ಆಫ್ ಟ್ರಾನ್ಸ್‌ಫರ್’.

ಟ್ರಾನ್ಸ್‌ಫರ್! ಬ್ಯಾಂಕಿನವರಿಗೆ, ಮೇಷ್ಟ್ರಿಗೆ ಆಗುತ್ತಲ್ಲ, ಅದೇ ಪದ. ಆ ಪದದಲ್ಲಿ ‘ಹಿಂದಕ್ಕೆ’ ಅನ್ನೋದು ಇಲ್ಲ. ಕೊಡುವವನು ಕೊಡುತ್ತಾನೆ, ಅಷ್ಟೆ. ಅದು ಇಬ್ಬರು ಕೂತು ಮಾಡಿಕೊಂಡ ಒಪ್ಪಂದವೂ ಅಲ್ಲ, ಒಂದೇ ಕಡೆಯಿಂದ ಬಂದ ಷರತ್ತುಗಳ ಪಟ್ಟಿ. ಅಪ್ಪಣೆ ಇಲ್ಲದೆ ಹೊಸ ಕೋಟೆ ಕಟ್ಟುವಂತಿಲ್ಲ, ಹಳೆಯದನ್ನು ದುರಸ್ತಿ ಮಾಡುವಂತಿಲ್ಲ. ಜಾರಿಯಲ್ಲಿದ್ದ ಕಾನೂನುಗಳನ್ನು ಕೇಳದೆ ಬದಲಾಯಿಸುವಂತಿಲ್ಲ. ಬೆಂಗಳೂರು ದಂಡು ಪ್ರದೇಶ ಬ್ರಿಟಿಷರ ಕೈಯಲ್ಲೇ. ವರ್ಷದ ಪೊಗದಿ 24.5 ಲಕ್ಷದಿಂದ 35 ಲಕ್ಷ ರೂಪಾಯಿಗೆ ಏರಿತು (ಹೆಚ್ಚುವರಿ ಹಣವನ್ನು 1896ರವರೆಗೆ ಮುಂದೂಡಿದರು ಅನ್ನಿ). ಷರತ್ತು ಮೀರಿದರೆ ರಾಜ್ಯವನ್ನು ಮತ್ತೆ ವಹಿಸಿಕೊಳ್ಳುವ ಹಕ್ಕೂ ಅವರದೇ.

ಮರಳಿ ಬಂದ ರಾಜ್ಯದ ಸ್ಥಿತಿ ಹೇಗಿತ್ತು? 1876-78ರ ಬರ ಆಗಷ್ಟೇ ಮುಗಿದಿತ್ತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷದೊಳಗೆ. ತಲೆ ಮೇಲೆ ಭಾರತ ಸರ್ಕಾರಕ್ಕೆ ಕೊಡಬೇಕಾದ 80 ಲಕ್ಷ ರೂಪಾಯಿ ಸಾಲ. ಬೇರೆಯವರ ಆಡಳಿತದಲ್ಲಿ ಆದ ಸಾಲವನ್ನೂ ರಾಜ್ಯದ ಜೊತೆಗೇ ಟ್ರಾನ್ಸ್‌ಫರ್ ಮಾಡಿದರು!

‘ಪದ ಯಾವುದಾದರೇನು, ರಾಜ್ಯ ಬಂತಲ್ಲ’ ಅನ್ನಬಹುದು. ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಹಾಗನ್ನಿಸಲಿಲ್ಲ. ಅವರ ಪ್ರಯತ್ನದಿಂದ 1913ರ ನವೆಂಬರಿನಲ್ಲಿ, ಲಾರ್ಡ್ ಹಾರ್ಡಿಂಜ್ ಕಾಲದಲ್ಲಿ, ಆ ಪತ್ರದ ಜಾಗಕ್ಕೆ ಒಂದು ‘ಟ್ರೀಟಿ’ ಬಂತು. ಷರತ್ತುಗಳು ಬಹುಪಾಲು ಹಾಗೇ ಉಳಿದವು, ಆದರೆ ಸನದು ಹೋಗಿ ಒಪ್ಪಂದವಾಯ್ತು. ಒಂದು ಪದ ಬದಲಾಗಲು 32 ವರ್ಷ. ಪೊಗದಿ 24.5 ಲಕ್ಷಕ್ಕೆ ಇಳಿಯಲು 1927ರಲ್ಲಿ ಲಾರ್ಡ್ ಇರ್ವಿನ್ ಘೋಷಿಸುವ ತನಕ ಕಾಯಬೇಕಾಯ್ತು. ಬೆಂಗಳೂರು ದಂಡು ಮೈಸೂರಿಗೆ ಮರಳಿದ್ದು 1947ರ ಜುಲೈ 26ಕ್ಕೆ, ಸ್ವಾತಂತ್ರ್ಯಕ್ಕೆ ಮೂರು ವಾರ ಇದ್ದಾಗ. ಅದಕ್ಕೂ ಒಂದು ಗಂಭೀರ ಪದ, ‘ರಿಟ್ರೋಸೆಷನ್’.

ಈಗ ಕನ್ನಡಕ್ಕೆ ಬರೋಣ. ನಮ್ಮವರು ರೆಂಡಿಷನ್‌ಗೆ ‘ಹಸ್ತಾಂತರ’, ‘ಪುನಃಸ್ಥಾಪನೆ’ ಅಂತ ಬರೆಯೋದುಂಟು. ಹಸ್ತಾಂತರ ಅಂದರೆ ಟ್ರಾನ್ಸ್‌ಫರ್ ಅಂತಲೇ ಆಯ್ತು, ಬ್ರಿಟಿಷರ ಪಕ್ಷ. ಪುನಃಸ್ಥಾಪನೆ ಅಂದರೆ ಅರಮನೆಯ ಪಕ್ಷ. ನನಗೆ ಸರಿಯಾದ ಪದ ಅನ್ನಿಸೋದು ಮನೆಯಲ್ಲೇ ಇದೆ: ‘ಒಪ್ಪಿಸು’. ಯೋಚಿಸಿ ನೋಡಿ. ಮಕ್ಕಳು ಮಗ್ಗಿ ಒಪ್ಪಿಸ್ತಾರೆ, ಕಳ್ಳನನ್ನು ಪೊಲೀಸರಿಗೆ ಒಪ್ಪಿಸ್ತೀವಿ, ಲೆಕ್ಕ ಒಪ್ಪಿಸ್ತೀವಿ, ಮದುವೆಯಲ್ಲಿ ಮಗಳನ್ನು ಒಪ್ಪಿಸಿಕೊಡ್ತೀವಿ. ಹಾಡು, ಕೈದಿ, ಕೋಟೆ, ರಾಜ್ಯ... ರೆಂಡಿಷನ್‌ನ ಅಷ್ಟೂ ಅರ್ಥಗಳನ್ನು ನಮ್ಮ ಒಂದು ಪದ ಹೊರುತ್ತೆ. ‘ಮರಳಿ ಒಪ್ಪಿಸಿದರು’ ಅಂದರೆ 1881ಕ್ಕೂ ಸಾಕು.

ಜೊತೆಗೆ ಇಂಗ್ಲಿಷ್ ಪದದಲ್ಲಿಲ್ಲದ ಒಂದು ಚುಚ್ಚು ಇದರಲ್ಲಿದೆ. ‘ಒಪ್ಪಿಸು’ ಅನ್ನೋದರ ಒಳಗೆ ‘ಒಪ್ಪು’ ಇದೆ. ಬಾಸ್ಟನ್ನಿನ ಬರ್ನ್ಸ್‌ನನ್ನು ಒಪ್ಪಿಗೆ ಇದೆಯಾ ಅಂತ ಯಾರೂ ಕೇಳಲಿಲ್ಲ. ಬರದಲ್ಲಿ ಉಳಿದ ಮೈಸೂರಿನ ಆ 42 ಲಕ್ಷ ಜನರನ್ನೂ 1831ರಲ್ಲಾಗಲಿ 1881ರಲ್ಲಾಗಲಿ ಕೇಳಿದವರಿಲ್ಲ. ರಂಗಾಚಾರ್ಲು ಅವರಿಗೆ ಇದು ಎಷ್ಟೋ ಮಟ್ಟಿಗೆ ಹೊಳೆದಿರಬೇಕು. ರಾಜ್ಯ ಬಂದ ಏಳೇ ತಿಂಗಳೊಳಗೆ, 1881ರ ಅಕ್ಟೋಬರ್ 7ರಂದು, ದಸರಾ ಹೊತ್ತಿನಲ್ಲಿ 144 ಜನರ ಪ್ರಜಾಪ್ರತಿನಿಧಿ ಸಭೆಯನ್ನು ಇದೇ ಮೈಸೂರಿನಲ್ಲಿ ಕೂಡಿಸಿದರು. ಆ ಸಭೆಗೆ ಅಧಿಕಾರ ಇರಲಿಲ್ಲ, ಅಹವಾಲು ಹೇಳಬಹುದಿತ್ತಷ್ಟೆ. ಆದರೂ ದಿವಾನರೇ ಎದುರು ನಿಂತು ರಾಜ್ಯದ ಜಮಾಖರ್ಚು ಓದಿ ಹೇಳಿದರು. ಜನರಿಗೆ ಲೆಕ್ಕ ಒಪ್ಪಿಸುವುದು ಅಂದರೆ ಅದೇ ತಾನೆ? ನನ್ನ ಪ್ರಕಾರ ಆ ವರ್ಷದ ನಿಜವಾದ ರೆಂಡಿಷನ್ ಮಾರ್ಚಿನದ್ದಲ್ಲ, ಅಕ್ಟೋಬರಿನದ್ದು.

ನಿಮ್ಮ ಕಡೆ ‘ಒಪ್ಪಿಸು’ಗಿಂತ ಒಳ್ಳೆಯ ಪದ ಇದ್ದರೆ ಖಂಡಿತ ತಿಳಿಸಿ.