7, 11, 33

ಜಮಖಂಡಿ ಕಡೆಯಲ್ಲಿರುವ ನನ್ನ ಅಣ್ಣನ ಮಗ ಕಾಲೇಜಿನ ಪ್ರಾಜೆಕ್ಟಿಗಾಗಿ ಜಾವಾಸ್ಕ್ರಿಪ್ಟಿನಲ್ಲಿ ಒಂದು ಪುಟ್ಟ ಎಪಿಐ ಸರ್ವರ್ ಬರೆಯಲು ಕೂತಿದ್ದ. ಊರಿನ ಹೆಸರು ಕೇಳಿದರೆ ಅಲ್ಲಿಯ ಬ್ಯಾರೇಜಿನ ವಿವರ ಮೊಬೈಲಿಗೆ ಬರಬೇಕು, ಅಷ್ಟೇ. ಮೊದಲು ಯಾವ ಊರು ಎಂಬ ಚರ್ಚೆಯೇ ಆಗಲಿಲ್ಲ. ಚಿಕ್ಕಪಡಸಲಗಿ. 1989ರಲ್ಲಿ ರೈತರೇ ಹಣ ಹಾಕಿ, ಮೈಮುರಿದು ದುಡಿದು ಕೃಷ್ಣೆಗೆ ಬ್ಯಾರೇಜ್ ಕಟ್ಟಿದ ಊರು ಅದು. ಮುಂದೆ ನಿಂತವರು ಸಿದ್ದು ನ್ಯಾಮಗೌಡರು. ಎರಡೇ ವರ್ಷಕ್ಕೆ, 1991ರ ಲೋಕಸಭಾ ಚುನಾವಣೆಯಲ್ಲಿ, ಬಾಗಲಕೋಟೆಯಲ್ಲಿ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿದರು. ನಮ್ಮ ಕಡೆ ಅವರು ಕಡೆತನಕ ಬ್ಯಾರೇಜ್ ಸಿದ್ದು. ಬ್ಯಾರೇಜಿನ ಹೆಸರು ಶ್ರಮಬಿಂದು ಸಾಗರ.

ನಾವು ಬಳಸಿದ್ದು ನೋಡ್. 2009ರಲ್ಲಿ ರಯಾನ್ ಡಾಲ್ ಬರ್ಲಿನ್ನಿನಲ್ಲಿ ಜನರ ಮುಂದಿಟ್ಟ ತಂತ್ರಾಂಶ. ಜಾವಾಸ್ಕ್ರಿಪ್ಟ್ ಆಗಲೇ ಮೊದಲ ಸಲ ಸರ್ವರಿಗೆ ಬಂತು ಅನ್ನುವವರಿದ್ದಾರೆ, ಅದು ತಪ್ಪು. ನೆಟ್‌ಸ್ಕೇಪ್ ಕಂಪನಿ ತೊಂಬತ್ತರ ದಶಕದಲ್ಲೇ ಮಾಡಿತ್ತು. ಡಾಲ್ ಹಟ ಹಿಡಿದದ್ದು ಬೇರೆಯದಕ್ಕೆ: ಡಿಸ್ಕಿನಿಂದಲೋ ಡೇಟಾಬೇಸಿನಿಂದಲೋ ಉತ್ತರ ಬರುವವರೆಗೆ ಸರ್ವರ್ ಕೈಕಟ್ಟಿ ನಿಲ್ಲಬಾರದು, ಅಷ್ಟರಲ್ಲಿ ಇನ್ನೊಬ್ಬರ ಕೋರಿಕೆ ನೋಡಬೇಕು.

ಹತ್ತು ಸಾಲಿನಲ್ಲಿ ಸರ್ವರ್ ಎದ್ದು ನಿಂತಿತು. ಪರೀಕ್ಷೆಗೆಂದು ಊರಿನ ಹೆಸರಷ್ಟನ್ನೇ ಕಳಿಸಿದೆವು. ಹುಡುಗ ಮೊಬೈಲ್ ನನ್ನ ಮುಂದೆ ಹಿಡಿದ.

“ಕಾಕಾ, ಊರ ಹೆಸರ ಅರ್ಧಕ್ಕ ನಿಂತೈತಿ ನೋಡ್ರಿ.”

ಪರದೆಯ ಮೇಲೆ ‘ಚಿಕ’ ಎಂದಿತ್ತು, ಪಕ್ಕದಲ್ಲೊಂದು ಪ್ರಶ್ನೆ ಚಿಹ್ನೆ.

ತಪ್ಪು ನನ್ನದೇ. ಕಳಿಸುವ ಉತ್ತರ ಎಷ್ಟು ಉದ್ದ ಎಂದು ಮೊದಲೇ ಹೇಳುವ ಒಂದು ಸಾಲು ಎಚ್‌ಟಿಟಿಪಿಯಲ್ಲಿದೆ. ನಾನದನ್ನು ಬರೆಯದಿದ್ದರೆ ನೋಡ್ ತಾನೇ ಸರಿಯಾಗಿ ಎಣಿಸಿಕೊಳ್ಳುತ್ತಿತ್ತು. ಜಾಣತನ ತೋರಿಸಲು ಹೋಗಿ, ಹೆಸರಿನ ಉದ್ದವನ್ನು ಜಾವಾಸ್ಕ್ರಿಪ್ಟಿನಿಂದಲೇ ಕೇಳಿ ತುಂಬಿದ್ದೆ. ಅದು 11 ಎಂದಿತ್ತು.

ಕನ್ನಡ ಶಾಲೆಯ ಲೆಕ್ಕದಲ್ಲಿ ಚಿ, ಕ್ಕ, ಪ, ಡ, ಸ, ಲ, ಗಿ ಎಂದು 7 ಅಕ್ಷರ. 1991ರ ಮೊದಲ ಯೂನಿಕೋಡ್ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತು. ಆದರೆ ಅಲ್ಲಿ ಗುಣಿಸುಗಳಿಗೆ ಬೇರೆ ಸಂಕೇತ, ಒತ್ತಕ್ಷರಕ್ಕೆ ನಡುವೆ ಹಲಂತ, ಹಾಗಾಗಿ 11. 1997ರಲ್ಲಿ ಪ್ರಕಟವಾದ ಜಾವಾಸ್ಕ್ರಿಪ್ಟಿನ ಮೊದಲ ಪ್ರಮಾಣಿತ ರೂಪ 16 ಬಿಟ್‌ಗಳ ಇಂಥ ತುಣುಕುಗಳನ್ನೇ ಎಣಿಸಿತು, ಇಂದಿಗೂ ಅದನ್ನೇ ಎಣಿಸುತ್ತದೆ. ತಂತಿಯ ಮೇಲೆ ಹೋಗುವುದು ಮಾತ್ರ ಯುಟಿಎಫ್-8. ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ ಊಟಕ್ಕೆ ಕೂತಾಗ ರೂಪಿಸಿದ್ದು. ಅದರಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್, ಕನ್ನಡದ ಪ್ರತಿ ಸಂಕೇತಕ್ಕೆ 3. ಅಂದರೆ 33. ಬ್ರೌಸರ್ ನನ್ನ ಮಾತು ನಂಬಿ 11 ಬೈಟ್ ಓದಿತು: ಮೂರು ಸಂಕೇತಕ್ಕೆ 9, ಉಳಿದ 2 ಯಾವುದಕ್ಕೂ ಸಾಲದೆ ಪ್ರಶ್ನೆ ಚಿಹ್ನೆ.

ಇದೇ ಹೆಸರನ್ನು ಇಂಗ್ಲಿಷಿನಲ್ಲಿ ಕಳಿಸಿದ್ದರೆ ಅಕ್ಷರ, ಬೈಟ್ ಎರಡೂ ಒಂದೇ ಆಗಿ ತಪ್ಪು ಕಾಣುತ್ತಲೇ ಇರಲಿಲ್ಲ. ಪಾಠದ ಪುಸ್ತಕಗಳು ‘ಹಲೋ ವರ್ಲ್ಡ್’ ಕಳಿಸಿ ಮುಂದೆ ಹೋಗುವುದರಿಂದ ಅವುಗಳಿಗೂ ಕಂಡಿಲ್ಲ. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದ ನನಗೂ ನಮ್ಮ ಕಡೆಯ ಊರಿನ ಹೆಸರು ಬರೆಯುವವರೆಗೆ ಕಂಡಿರಲಿಲ್ಲ ಎಂಬುದು ಕೊಂಚ ನಾಚಿಕೆಯ ವಿಷಯ.

ಬೈಟ್ ಎಣಿಸುವ ಕ್ರಮವನ್ನು ಆ ಸಾಲಿಗೆ ಹಾಕಿದೆವು. ಹೆಸರು ಇಡಿಯಾಗಿ ಬಂತು. ಹುಡುಗ ಮುಂದಿನ ಬ್ಯಾರೇಜಿಗೆ ಹೊರಟ.

“ಕಾಕಾ, ಹಿಪ್ಪರಗಿ ಎಷ್ಟ ಆಗ್ತೈತ್ರಿ?”

ಬೆರಳು ಮಡಚಿ ಎಣಿಸಿದೆವು. 4, 8, 24.