ಊರಿಗೆ ಮರಳಿದ ಸೈನಿಕನ ಲೆಕ್ಕ

ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಒಂದಾದ ಹಲ್ಮಿಡಿ ಶಾಸನವನ್ನು ಸೈನಿಕ ಕಲ್ಯಾಣದ ಆದೇಶಪತ್ರ ಎಂದೂ ಓದಬಹುದು. ಸುಮಾರು ಕ್ರಿ.ಶ. 450ರದೆನ್ನಲಾದ ಈ ಕಲ್ಲಿನಲ್ಲಿ, ಕಾಳಗದಲ್ಲಿ ಮೆರೆದ ವಿಜ ಅರಸನೆಂಬ ವೀರನಿಗೆ ಎರಡು ಹಳ್ಳಿಗಳನ್ನು ‘ಬಾಳ್ಗಳ್ಚು’ ಆಗಿ ಬಿಟ್ಟುಕೊಟ್ಟ ಸಂಗತಿಯಿದೆ. ಬಾಳ್ ಎಂದರೆ ಕತ್ತಿ, ಕಳ್ಚು ಎಂದರೆ ತೊಳೆಯುವುದು; ಒಟ್ಟಿನಲ್ಲಿ ವೀರನ ಕತ್ತಿ ತೊಳೆದು ಕೊಡುವ ದತ್ತಿ. ಮುಂದೆ ವೀರಗಲ್ಲುಗಳ ಕಾಲಕ್ಕೆ, ಕಾದಿ ಸತ್ತವನ ಮನೆಯವರಿಗೆ ಕೊಡುವ ಭೂಮಿಗೆ ‘ನೆತ್ತರುಗೊಡಗೆ’ ಎಂಬ ಹೆಸರೇ ಬಂತು. ಕೊಟ್ಟರೆ ಉಂಟು, ಕೊಡದಿದ್ದರೆ ಕೇಳುವ ಹಾಗಿಲ್ಲ. ಅದು ಒಡೆಯನ ಔದಾರ್ಯವಾಗಿತ್ತೇ ಹೊರತು ಸೈನಿಕನ ಹಕ್ಕಾಗಿರಲಿಲ್ಲ.

ಔದಾರ್ಯವು ಇಲಾಖೆಯಾಗಲು ಮೊದಲ ಮಹಾಯುದ್ಧ ಬೇಕಾಯಿತು. ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಕಡಲಾಚೆಗೆ ಹೋದರು. 1918ರಲ್ಲಿ ಹೈಫಾ ಪಟ್ಟಣವನ್ನು ಗೆದ್ದ ಕುದುರೆ ಪಡೆಗಳಲ್ಲಿ ಮೈಸೂರು ಲ್ಯಾನ್ಸರ್ಸ್ ಕೂಡ ಇತ್ತು. ಮರಳಿದವರಲ್ಲಿ ಕೈಕಾಲು ಕಳೆದುಕೊಂಡವರು ಬಹಳ. ಅವರಿಗೆ ಕಸುಬು ಕಲಿಸಲೆಂದು 1917ರಲ್ಲಿ ಹುಟ್ಟಿದ ಕ್ವೀನ್ ಮೇರಿ ತಾಂತ್ರಿಕ ಸಂಸ್ಥೆ ಪುಣೆಯ ಖಡ್ಕಿಯಲ್ಲಿ ನೆಲೆಯೂರಿತು. 1919ರಲ್ಲಿ ಇಂಡಿಯನ್ ಸೋಲ್ಜರ್ಸ್ ಬೋರ್ಡ್ ಬಂತು. ಸೈನಿಕ ಕಲ್ಯಾಣ ನೋಡಿಕೊಳ್ಳುವ ಇಂದಿನ ಕೇಂದ್ರೀಯ ಸೈನಿಕ ಮಂಡಳಿಯ ಮೂಲರೂಪ ಅದೇ. ಎರಡನೇ ಮಹಾಯುದ್ಧದ ನಡುವೆ, 1944ರಲ್ಲಿ, ಪುಣೆಯಲ್ಲಿ ಕೃತಕ ಅಂಗ ಕೇಂದ್ರ ಶುರುವಾಯಿತು. ಈ ಘಟ್ಟದಲ್ಲಿ ಸರ್ಕಾರದ ಕಣ್ಣಿಗೆ ಬಿದ್ದದ್ದು ಮುಖ್ಯವಾಗಿ ಸೈನಿಕನ ದೇಹ.

ಸ್ವಾತಂತ್ರ್ಯದ ನಂತರ, 1949ರಿಂದ, ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನವಾಯಿತು. ಶಾಲಾ ಮಕ್ಕಳು ಪುಟ್ಟ ಧ್ವಜ ಚುಚ್ಚಿಕೊಂಡು ಸೈನಿಕರ ಕಲ್ಯಾಣಕ್ಕಾಗಿ ಡಬ್ಬಿಗೆ ಚಿಲ್ಲರೆ ಹಾಕುವುದು ರೂಢಿಗೆ ಬಂತು. ಆದರೆ ಸೈನಿಕನ ಹೆಂಡತಿಯನ್ನು ಈ ಲೆಕ್ಕದೊಳಗೆ ತಂದದ್ದು 1971ರ ಯುದ್ಧ. ಮರುವರ್ಷವೇ ಸಮಾಜಸೇವಕಿ ಮೋಹಿನಿ ಗಿರಿ ಅವರು ಯುದ್ಧ ವಿಧವೆಯರ ಸಂಘ ಕಟ್ಟಿದರು. ಬೆನ್ನುಹುರಿಗೆ ಪೆಟ್ಟಾದ ಸೈನಿಕರಿಗಾಗಿ 1974ರಲ್ಲಿ ಖಡ್ಕಿಯಲ್ಲಿ ಪುನರ್ವಸತಿ ಕೇಂದ್ರ ತೆರೆಯಿತು.

ಆಮೇಲಿನದು ಹಕ್ಕಿನ ಘಟ್ಟ. ಜವಾನನ ನಿವೃತ್ತಿ ಮಕ್ಕಳು ಇನ್ನೂ ಶಾಲೆಯಲ್ಲಿರುವಾಗಲೇ ಬಂದುಬಿಡುತ್ತದೆ. ನಲವತ್ತರ ಆಸುಪಾಸಿನಲ್ಲಿ ಬ್ಯಾಂಕಿನ ಬಾಗಿಲಲ್ಲೋ ಅಪಾರ್ಟ್‌ಮೆಂಟಿನ ಗೇಟಿನಲ್ಲೋ ಸೆಕ್ಯುರಿಟಿ ಕೆಲಸಕ್ಕೆ ನಿಂತವರನ್ನು ಬೆಂಗಳೂರಿನಲ್ಲಿ ದಿನವೂ ನೋಡುತ್ತೇವೆ. ಚಿಕಿತ್ಸೆಗಾಗಿ 2003ರಲ್ಲಿ ಇಸಿಎಚ್‌ಎಸ್ ಎಂಬ ಮಾಜಿ ಸೈನಿಕರ ಆರೋಗ್ಯ ಯೋಜನೆ ಬಂತು. ವ್ಯಾಜ್ಯಗಳಿಗೆ 2009ರಲ್ಲಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಬಂತು. ಒಂದೇ ಶ್ರೇಣಿಯಲ್ಲಿ, ಒಂದೇ ಅವಧಿ ದುಡಿದವರಿಗೆ ಒಂದೇ ಪಿಂಚಣಿ ಬೇಕೆಂದು ಮಾಜಿ ಸೈನಿಕರು ದೆಹಲಿಯ ಜಂತರ್ ಮಂತರ್‌ನಲ್ಲಿ ಕೂತ ಮೇಲೆ, 2015ರಲ್ಲಿ ಅದರ ಆದೇಶ ಹೊರಬಿತ್ತು. 2017ರಲ್ಲಿ ಬಂದ ಇನ್ನೊಂದು ಆದೇಶಕ್ಕೆ ಅಷ್ಟು ಸದ್ದಾಗಲಿಲ್ಲ. ಅಲ್ಲಿಯವರೆಗೆ, ಶೌರ್ಯ ಪ್ರಶಸ್ತಿ ಪಡೆದ ಸೈನಿಕನ ವಿಧವೆ ಮರುಮದುವೆಯಾದರೆ, ಮೈದುನನನ್ನೋ ಭಾವನನ್ನೋ ಕೈಹಿಡಿದಾಗ ಮಾತ್ರ ಪ್ರಶಸ್ತಿಯ ಭತ್ಯೆ ಮುಂದುವರಿಯುತ್ತಿತ್ತು. ಆ ಷರತ್ತು ಅಂದು ಹೋಯಿತು.

ಹಕ್ಕು ಬಂದರೂ ಕಾಗದ ಬೇಕಲ್ಲ. ಪಿಂಚಣಿಯ ಕೆಲಸಕ್ಕೆ ಬರುವ ಹಿರಿಯ ಹೆಂಗಸಿನ ಪ್ಲಾಸ್ಟಿಕ್ ಕವರಿನಲ್ಲಿ ಡಿಸ್ಚಾರ್ಜ್ ಬುಕ್, ಪಿಂಚಣಿ ಪಾವತಿ ಆದೇಶ (ಪಿಪಿಒ), ಆಧಾರ್, ಪಾಸ್‌ಬುಕ್ ಎಲ್ಲವೂ ಇರುತ್ತವೆ. ಮದುವೆಯಾದಾಗ ಹೊರಟ ಪಾರ್ಟ್ ಟು ಆರ್ಡರ್ ಎಂಬ ಸೇನಾ ದಾಖಲೆಯಲ್ಲಿ ‘ಲಕ್ಷ್ಮಿ’ ಎಂದಿದ್ದು, ಆಧಾರಿನಲ್ಲಿ ‘ಲಕ್ಷ್ಮಮ್ಮ’ ಎಂದಾಗಿದ್ದರೆ ಮುಗಿಯಿತು. ಅಫಿಡವಿಟ್ ಹಿಡಿದು ಅಲೆಯಬೇಕು. ದೂರದ ರೆಕಾರ್ಡ್ ಆಫೀಸಿನಿಂದ ಉತ್ತರ ಬರುವವರೆಗೆ ಆಕೆ ತನ್ನ ಗಂಡನ ಹೆಂಡತಿ ಹೌದೋ ಅಲ್ಲವೋ ಎಂಬುದು ಇತ್ಯರ್ಥವಾಗದು.

ಇಷ್ಟಾಗಿಯೂ ಮನೆಯೊಳಗಿನ ಮರಳುವಿಕೆ ಈ ಚರಿತ್ರೆಯ ತೆಳುವಾದ ಅಧ್ಯಾಯವಾಗಿಯೇ ಉಳಿದಿದೆ. ವಿಯೆಟ್ನಾಂ ಯುದ್ಧದಿಂದ ಮರಳಿದವರಿಗಾಗಿ ಅಮೆರಿಕ 1979ರಲ್ಲಿ ಆಸ್ಪತ್ರೆಯ ಹೊರಗೆ, ಬೀದಿಯ ಮಗ್ಗುಲಲ್ಲೇ ಆಪ್ತಸಲಹಾ ಕೇಂದ್ರಗಳನ್ನು ತೆರೆಯಿತು. ಮರುವರ್ಷ ಅಲ್ಲಿನ ಮನೋವೈದ್ಯರ ಕೈಪಿಡಿಯಲ್ಲಿ ಆಘಾತದ ನಂತರದ ಮನೋವ್ಯಾಧಿಗೆ ಹೆಸರು ಸಿಕ್ಕಿತು. ಆದರೆ ಮನೆಯ ತೊಡಕುಗಳೆಲ್ಲ ಕಾಯಿಲೆಯಲ್ಲ. ಕೊಡಗಿನ ಅಥವಾ ಹಾಸನದ ಒಂದು ಮನೆಯನ್ನು ನೆನೆಯಿರಿ. ಹದಿನೇಳು ವರ್ಷ ಆತ ರಜೆಯ ಮೇಲೆ ಬಂದವನು, ಬಂದಾಗಲೆಲ್ಲ ಹಬ್ಬದಡುಗೆ ಉಂಡವನು. ತೋಟದ ಕೂಲಿ, ಸೊಸೈಟಿ ಸಾಲ, ಮಕ್ಕಳ ಫೀಸು ಎಲ್ಲವನ್ನೂ ನೋಡಿಕೊಂಡವಳು ಆಕೆ. ಈಗ ಬೀರುವಿನ ಕೀಲಿ ಯಾರ ಸೊಂಟದಲ್ಲಿರಬೇಕು? ಇದನ್ನು ಕೇಳುವ ಅರ್ಜಿ ನಮೂನೆ ಯಾವ ಕಚೇರಿಯಲ್ಲೂ ಇಲ್ಲ.

ಸೇನಾ ನೇಮಕಾತಿಯ 2022ರ ಅಗ್ನಿಪಥ ಯೋಜನೆ ಮರಳುವಿಕೆಯ ಲೆಕ್ಕವನ್ನೇ ಬದಲಿಸಿದೆ. ನಾಲ್ಕು ವರ್ಷದ ಸೇವೆಯ ನಂತರ ಹೆಚ್ಚೆಂದರೆ ಕಾಲುಭಾಗ ಉಳಿಯುತ್ತಾರೆ. ಉಳಿದವರು ಸುಮಾರು 11.71 ಲಕ್ಷ ರೂಪಾಯಿಯ ಸೇವಾನಿಧಿಯೊಡನೆ, ಪಿಂಚಣಿಯಿಲ್ಲದೆ, ಇಪ್ಪತ್ತರ ಹರೆಯದಲ್ಲೇ ಹಿಂದಿರುಗುತ್ತಾರೆ. ಅವರ ಎದುರಿಗೆ ಇನ್ನೂ ಅರ್ಧ ಶತಮಾನದ ಬದುಕಿದೆ.

ರಜೆಗೆ ಬಂದ ಸೈನಿಕನನ್ನು ಊರಿನ ಅಂಗಡಿಕಟ್ಟೆಯಲ್ಲಿ ಎಲ್ಲರೂ ಕೇಳುವುದು ಎರಡೇ ಮಾತು: “ಯಾವಾಗ ಬಂದ್ರಿ? ಮತ್ತೆ ಹೋಗೋದು ಯಾವಾಗ?” ನಿವೃತ್ತನಾಗಿ ಬಂದವನಿಗೆ ಮೊದಲನೆಯದಕ್ಕೆ ಉತ್ತರ ಸಲೀಸು. ಎರಡನೆಯದಕ್ಕೆ “ಇನ್ನು ಇಲ್ಲೇ” ಎಂದು ತಡವರಿಸದೆ ಹೇಳಲು ಕೆಲವರಿಗೆ ವರ್ಷಗಳೇ ಹಿಡಿಯುತ್ತವೆ.