ತಂತಿಗೆ ಚುಚ್ಚಿದ ಕಾಗದಗಳು

ಮೈಸೂರು ಸೀಮೆಯ ಅಂಚೆ ಹುಟ್ಟಿದ್ದು ನಮ್ಮಂಥವರ ಸುಖದುಃಖ ಹೊರುವುದಕ್ಕಲ್ಲ. 1672ರಲ್ಲಿ ಚಿಕ್ಕದೇವರಾಜ ಒಡೆಯರು ಅದನ್ನು ಕಟ್ಟಿದಾಗ ಹರಿಕಾರರು ಹೊತ್ತು ಓಡುತ್ತಿದ್ದುದು ಅರಮನೆಯ ಕಾಗದಪತ್ರ. ಊರೂರಿನ ಅಂಚೆಯವರು ಅಲ್ಲಲ್ಲಿನ ಗುಟ್ಟನ್ನೂ ದೊರೆಗೆ ಮುಟ್ಟಿಸಬೇಕಿತ್ತು. ಆ ಅಂಚೆ 1889ರಲ್ಲಿ ಬ್ರಿಟಿಷರ ಅಂಚೆಯೊಳಗೆ ಸೇರಿಹೋಯಿತು. ಅಷ್ಟು ಹೊತ್ತಿಗೆ ಕಾಲಾಣೆಯ ಕಾರ್ಡು ಬಂದು ಹತ್ತು ವರ್ಷವಾಗಿತ್ತು. ಅರಮನೆಯ ಸುದ್ದಿ ಓಡಿದ್ದ ದಾರಿಯಲ್ಲೇ ಹಸು ಈದ ಸುದ್ದಿ, ಮಗುವಿಗೆ ಹಲ್ಲು ಬಂದ ಸುದ್ದಿ ಹೊರಟವು. ನಮ್ಮ ಚರಿತ್ರೆಯಲ್ಲಿ ನನಗೆ ಇದು ಯಾವ ಯುದ್ಧಕ್ಕಿಂತಲೂ ದೊಡ್ಡ ಸಂಗತಿ.

ಹಾಸನದ ಕಡೆಯ ನಮ್ಮೂರಲ್ಲಿ, ನಾನು ಲಂಗ ತೊಟ್ಟು ಶಾಲೆಗೆ ಹೋಗುತ್ತಿದ್ದ ಅರವತ್ತರ ದಶಕದಲ್ಲಿ, ಬಂದ ಕಾಗದವನ್ನು ಯಾರೂ ಎಸೆಯುತ್ತಿರಲಿಲ್ಲ. ನಡುಮನೆಯ ಗೋಡೆಯಲ್ಲಿ ಒಂದು ಕೊಕ್ಕೆತಂತಿ, ಅದರ ಬುಡಕ್ಕೆ ಮರದ ಬಿಲ್ಲೆ. ಓದಿ ಮುಗಿದದ್ದನ್ನು ಅದಕ್ಕೆ ಚುಚ್ಚುವುದು. ಮೂಲೆಗೆ ಅರಿಸಿನ ಕುಂಕುಮ ಹಚ್ಚಿದ ಮದುವೆಯ ಕಾಗದಕ್ಕೂ ಅಲ್ಲೇ ಜಾಗ. ಸಾವಿನ ಕಾಗದಕ್ಕೆ ಮಾತ್ರ ಇಲ್ಲ. ಅದನ್ನು ಓದಿದ ಕೂಡಲೇ ಹರಿದು, ತಲೆಗೆ ನೀರು ಹಾಕಿಕೊಳ್ಳಬೇಕು. ಹಾಗಾಗಿ ಆ ತಂತಿಯ ತುಂಬ ಬದುಕಿದ್ದವರ ಸುದ್ದಿಯೇ.

ಬರೆಯುವುದಕ್ಕೊಂದು ಕಟ್ಟುಪಾಡಿತ್ತು. ಮೇಲೆ ‘ಶ್ರೀ’, ಬಲಕ್ಕೆ ಊರು ಮತ್ತು ತಾರೀಖು. ತೀರ್ಥರೂಪ ತಂದೆಯವರ ಪಾದಗಳಿಗೆ ಮಗನ ಸಾಷ್ಟಾಂಗ ನಮಸ್ಕಾರಗಳು, ಉಭಯ ಕುಶಲೋಪರಿ ಸಾಂಪ್ರತ. ಇವೆಲ್ಲ ಬರೀ ಒಣ ಮಾತು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅಪ್ಪನ ಎದುರು ನಿಂತು ಮಾತಾಡಲಾರದ ಮಗ, ಗಂಡನ ಹೆಸರನ್ನೇ ಹೇಳಬಾರದ ಹೆಂಡತಿ, ಇಂಥವರಿಗೆ ಬಾಯಿ ಬಿಡುವುದಕ್ಕೆ ಆ ಕಟ್ಟುಪಾಡೇ ಧೈರ್ಯ ಕೊಡುತ್ತಿತ್ತು. ಮೊದಲ ನಾಲ್ಕು ಸಾಲು ಹಿರಿಯರು ಹಾಕಿಕೊಟ್ಟದ್ದು. ಅದನ್ನು ಬರೆದು ಮುಗಿಸುವಷ್ಟರಲ್ಲಿ ಐದನೆಯ ಸಾಲಿಗೆ ಮನಸ್ಸು ಸಿದ್ಧವಾಗಿರುತ್ತಿತ್ತು.

ಇದು ನನಗೆ ಗೊತ್ತಾದದ್ದು ಬೇರೆಯವರಿಗೆ ಬರೆದುಕೊಟ್ಟು. 1951ರ ಜನಗಣತಿಯ ಪ್ರಕಾರ ಈ ದೇಶದ ಹೆಂಗಸರಲ್ಲಿ ನೂರಕ್ಕೆ ಒಂಬತ್ತು ಜನರಿಗಷ್ಟೇ ಓದುಬರಹ ಬರುತ್ತಿತ್ತು. ನಮ್ಮ ಬೀದಿಯಲ್ಲಿ ಅಷ್ಟೂ ಇರಲಿಲ್ಲ. ಗಂಡಸರಿಂದ ಬರೆಸಿದರೆ ಮಾತು ಊರೆಲ್ಲ ತಿರುಗುತ್ತದೆಂದು ಹೆಂಗಸರು ನನ್ನಂಥ ಹುಡುಗಿಯರನ್ನು ಕರೆಯುತ್ತಿದ್ದರು. 1950ರಲ್ಲಿ ಬಂದ ಇನ್‌ಲ್ಯಾಂಡ್ ಲೆಟರು ಅವರಿಗೆ ವರವೇ ಆಗಿತ್ತು. ಕಾರ್ಡನ್ನು ದಾರಿಯಲ್ಲಿ ಯಾರು ಬೇಕಾದರೂ ಓದಬಹುದು. ನೀಲಿ ಕಾಗದವನ್ನು ಮಡಚಿ ಅಂಟಿಸಿದರೆ ಒಳಗಿನದು ಒಳಗೇ.

ಬೀದಿಯ ಕೊನೆ ಮನೆಯ ಅಜ್ಜಿಯ ಮಗ ಸೈನ್ಯದಲ್ಲಿದ್ದ. ವಿಳಾಸವೆಂದರೆ ಅವನ ನಂಬರು, ಹೆಸರು, ದಳ, ಕೊನೆಗೆ ‘56 ಎ.ಪಿ.ಓ.’ ಅದು ಯಾವ ಊರು ಎಂದು ಅಜ್ಜಿ ಪ್ರತಿಸಲ ಕೇಳುತ್ತಿದ್ದಳು. ಅದು ಊರಲ್ಲ, ಸೈನ್ಯದ ಅಂಚೆ. ದಳ ಎಲ್ಲಿದ್ದರೂ ಅಲ್ಲಿಗೆ ಹುಡುಕಿಕೊಂಡು ಹೋಗುತ್ತದೆ ಎಂದರೆ ಅವಳಿಗೆ ಸಮಾಧಾನ.

“ಬರಿ ಮಗ, ಕೆಂದ ಹಸ ಹೆಣ್ಗರು ಹಾಕೈತೆ ಅಂತ ಬರಿ. ರಾಗಿ ಒಕ್ಕಣೆ ಆಯ್ತು ಅಂತ ಬರಿ.”

ಹೀಗೆ ದನ, ಮಳೆ, ನೆಂಟರು ಎಲ್ಲ ಆದ ಮೇಲೆ ಕಾಗದವನ್ನು ಕೈಗೆ ತೆಗೆದುಕೊಂಡು, ಓದಲು ಬಾರದಿದ್ದರೂ ಮೇಲಿಂದ ಕೆಳಗೆ ನೋಡುತ್ತಿದ್ದಳು. “ಇನ್ನೂ ಜಾಗ ಐತಾ?” ಐತೆ ಅಂದರೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವತ್ತು ನೀನು ಹೊರಟಾಗ ಬಾಗಿಲಿಗೆ ಬರ್ಲಿಲ್ಲ ನಾನು. ಅಳು ಬರ್ತದೆ ಅಂತ ಒಳಗೇ ಕುಂತಿದ್ದೆ. ಹಂಗಂತ ಬರಿ,” ಅಂದಳು ಒಂದು ಸಲ.

ಮಗ ರಜಕ್ಕೆ ಬಂದಾಗ ಅವರಿಬ್ಬರೂ ಇದನ್ನು ಆಡಿಕೊಂಡದ್ದನ್ನು ನಾನು ಕಾಣೆ. ಆದರೆ ಹೇಳಿ ಬರೆಸಿದ ಆ ದಿನ ಅಜ್ಜಿ ಎದ್ದು ಹೋದ ರೀತಿಯೇ ಬೇರೆ. ಕಾಗದ ಇನ್ನೂ ನಮ್ಮೂರು ಬಿಟ್ಟಿರಲಿಲ್ಲ, ಅವಳ ಎದೆಯ ಭಾರ ಆಗಲೇ ಇಳಿದಿತ್ತು. ಕಾಗದದಿಂದ ಮೊದಲ ಉಪಕಾರ ಬರೆಸಿದವರಿಗೇ ಎಂಬ ನನ್ನ ನಂಬಿಕೆ ಅವತ್ತಿನದು.

ಹೊಸದಾಗಿ ಮದುವೆಯಾಗಿ ಬಂದ ಹೆಣ್ಣುಮಕ್ಕಳ ಕಾಗದ ಇನ್ನೊಂದು ಬಗೆ. ಪಕ್ಕದಲ್ಲಿ ಅತ್ತೆ ಹೂ ಕಟ್ಟುತ್ತ ಕೂತಿರುತ್ತಿದ್ದರು. “ಇಲ್ಲಿ ಎಲ್ಲರೂ ಚೆನ್ನಾಗಿ ನೋಡಿಕೊಳ್ಳುತ್ತಾರೆ” ಎಂದು ಬರೆಸಿ, ಕೊನೆಗೆ, ಹಬ್ಬವೇ ಇಲ್ಲದ ತಿಂಗಳಲ್ಲಿ, “ಅಣ್ಣನನ್ನು ಕಳಿಸಿ” ಎಂದರೆ ತವರಿನವರಿಗೆ ಅರ್ಥವಾಗುತ್ತಿತ್ತು.

ಕಾರ್ಡು ಇವತ್ತಿಗೂ ಐವತ್ತು ಪೈಸೆಗೆ ಸಿಗುತ್ತದೆ. ನಾನು ಬರೆಯುತ್ತೇನೆ, ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಉತ್ತರವನ್ನೂ ಬರೆಯುತ್ತಾರೆ. ನನ್ನ ಚಿಂತೆ ಹಳೆಯ ಕಾಗದಗಳದ್ದು. ದಿವಾನರ ಪತ್ರಗಳಿಗೆ ಪತ್ರಾಗಾರವಿದೆ. ನಮ್ಮ ಬೀದಿಯ ಹೆಂಗಸರು ಏನು ನೆನೆದರು, ಯಾವುದಕ್ಕೆ ಹೆದರಿದರು ಎನ್ನುವುದಕ್ಕೆ ಆ ತಂತಿ ಬಿಟ್ಟರೆ ಬೇರೆ ದಾಖಲೆಯಿಲ್ಲ. ಮನೆ ಕೆಡವಿ ಕಟ್ಟುವಾಗ ಅದು ಹಳೇ ಪೇಪರಿನವನ ತಕ್ಕಡಿಗೆ ಹೋಗುತ್ತಿದೆ. ನಿಮ್ಮ ಅಟ್ಟದಲ್ಲಿ ಅಂಥದೊಂದು ತಂತಿ ಉಳಿದಿದ್ದರೆ, ದಯಮಾಡಿ, ಕಾಗದಗಳನ್ನು ಬಿಡಿಸಿ ತಾರೀಖಿನ ಪ್ರಕಾರ ಜೋಡಿಸಿಡಿ. ಬರೆಸಿದವರು ಯಾರು, ಬರೆದುಕೊಟ್ಟವರು ಯಾರು ಎಂಬುದನ್ನು ಮನೆಯ ಹಿರಿಯರಿರುವಾಗಲೇ ಕೇಳಿ, ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ.